ಎರಡು ನೀಲಿ ಪಟ್ಟಿಯ ಹಡಗು

ಚರಿತ್ರೆ ನಮ್ಮ ಮನೆಗೆ ಬಂದದ್ದು ಒಂದು ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ, ಏದುಸಿರು ಬಿಡುತ್ತ. ಹಗ್ಗದ ಅಂಗಡಿಯ ಮೇಲಿನ ನಮ್ಮ ಕೋಣೆಗೆ ಮೂವತ್ತೆರಡು ಮೆಟ್ಟಿಲು. ಹತ್ತಿ ಬಂದವನಿಗೆ ಮೂವತ್ತು ದಾಟಿರಲಿಲ್ಲ, ಆದರೆ ಬಾಗಿಲಲ್ಲಿ ನಿಂತಾಗ ನನಗಿಂತ ಮುದುಕನಾಗಿದ್ದ. ಹೆಗಲಲ್ಲಿ ಒಂದು ಚೀಲ. ಜಗತ್ತಿನ ಹಡಗು, ರೈಲು, ಲಾರಿ, ಟ್ರಾಮು, ವಿಮಾನ, ಚಕ್ರ ಇರುವುದು ರೆಕ್ಕೆ ಇರುವುದು ಎಲ್ಲದರ ಕೆಲಸಗಾರರ ನೂರು ವರ್ಷದ ಕಥೆ ಅದರೊಳಗಿದೆಯಂತೆ.

"ಅಮ್ಮಾ, ನಾನು ಅಂತರರಾಷ್ಟ್ರೀಯ ಸಾರಿಗೆ ಕಾರ್ಮಿಕ ಸಂಘಗಳ ಮಹಾ ಒಕ್ಕೂಟದ ಕೇಂದ್ರ ಕಚೇರಿಯ ಚರಿತ್ರೆ ವಿಭಾಗದಿಂದ..."

"ಕೂತ್ಕೊಂಡು ಹೇಳಪ್ಪ. ನಿಂತ್ಕೊಂಡು ಹೇಳಿ ಮುಗಿಸೋ ಹೆಸರಲ್ಲ ಅದು."

ಅವನಿಗೆ ಅಲ್ಲೇ 'ಚರಿತ್ರೆ' ಎಂದು ಹೆಸರಿಟ್ಟೆ. ಅವನು ಕೂತ, ನೀರು ಕುಡಿದ, ಬಂದ ವಿಷಯ ಹೇಳಿದ. ಒಕ್ಕೂಟಕ್ಕೆ ನೂರು ತುಂಬಿದೆ. ದಪ್ಪನೆಯ ಪುಸ್ತಕವೊಂದು ಬರುತ್ತಿದೆ, ಇನ್ನು ಹತ್ತು ದಿನಕ್ಕೆ ಅಚ್ಚಿಗೆ ಹೋಗುತ್ತದೆ. ಏಳನೇ ಅಧ್ಯಾಯ ಪೂರ್ತಿ ನಮ್ಮ ಬಂದರಿನದು, ಅಂದರೆ ನನ್ನ ಗಂಡನದು.

ನಮ್ಮ ಯಜಮಾನರು ಈ ಬಂದರಿನ ಯೂನಿಯನ್ ಶಾಖೆಯ ಕಾರ್ಯದರ್ಶಿಯಾಗಿದ್ದವರು. ತೀರಿಕೊಂಡು ಹನ್ನೆರಡು ವರ್ಷವಾಯಿತು. ಬಂದರೆಲ್ಲ ಅವರನ್ನು ಲೌಡ್‌ಸ್ಪೀಕರ್ ಎನ್ನುತ್ತಿತ್ತು. ಅವರು ಭಾಷಣ ಶುರು ಮಾಡುವಾಗ ತೊಟ್ಟಿಲಲ್ಲಿದ್ದ ಮಗು ಮುಗಿಸುವ ಹೊತ್ತಿಗೆ ಎದ್ದು ನಡೆದು ಮನೆಗೆ ಹೋಗಿರುತ್ತಿತ್ತು. ಒಮ್ಮೆ ಒಕ್ಕೂಟದ ಮಹಾಸಭೆಗೆಂದು ಪರದೇಶಕ್ಕೆ ಹೋಗಿದ್ದರು. ಕಿವಿಗೆ ಹಾಕಿಕೊಂಡ ಯಂತ್ರದಲ್ಲಿ ಮೂರು ದಿನ ಯಾವುದೋ ಗೊತ್ತಿಲ್ಲದ ಭಾಷೆಯನ್ನೇ ಕೇಳಿ, ಎಲ್ಲದಕ್ಕೂ ಕೈ ಎತ್ತಿ ಬಂದರು. "ಹೇಗಿತ್ತು?" ಎಂದರೆ, "ಒಂದು ಮಾತಿಗೂ ನನ್ನ ವಿರೋಧ ಇರಲಿಲ್ಲ" ಎಂದರು.

ಚರಿತ್ರೆ ಚೀಲದಿಂದ ಪುಸ್ತಕದ ರಟ್ಟಿನ ಚಿತ್ರ ತೆಗೆದು ತೋರಿಸಿದ. ಹಳೆಯ ಕಪ್ಪು ಬಿಳುಪು ಫೋಟೋ. ಏಳನೇ ಶೆಡ್ಡಿನೊಳಗೆ ಸಭೆ, ಕೈಗಳ ಕಾಡು.

"ಹಡಗನ್ನ ಮುಟ್ಟಲ್ಲ ಅಂತ ಸರ್ವಾನುಮತದಿಂದ ತೀರ್ಮಾನ ಮಾಡಿದ ಕ್ಷಣ ಇದು" ಎಂದ, ಕಣ್ಣಲ್ಲಿ ನೀರು ಬರುವುದೊಂದು ಬಾಕಿ. "ಮುಂದಿನ ಸಾಲಿನಲ್ಲಿ ಎಲ್ಲರಿಗಿಂತ ಎತ್ತರಕ್ಕೆ ಕೈ ಎತ್ತಿದ್ದಾರಲ್ಲ, ಈ ಹೆಂಗಸು ಯಾರು? ಆ ಮುಖದಲ್ಲಿರೋ ನಿಷ್ಠೆ ನೋಡಿಯೇ ಇದನ್ನ ಆರಿಸಿದ್ದು."

"ಅಗೋ, ನಿಷ್ಠೆ ಅಲ್ಲಿ ಮಲಗಿದೆ" ಎಂದು ಕಿಟಕಿಯ ಪಕ್ಕದ ಮಂಚ ತೋರಿಸಿದೆ.

ಮಂಚದ ಮೇಲೆ ನನ್ನ ನಾದಿನಿ, ಯಜಮಾನರ ತಂಗಿ. ಮೂರು ದಿಂಬಿಗೆ ಒರಗಿ ಕೂತಿದ್ದಳು. ಪೂರ್ತಿ ಮಲಗಿದರೆ ಅವಳಿಗೆ ಉಸಿರು ಸಿಗುವುದಿಲ್ಲ. ಹಡಗುಗಳ ತುಕ್ಕು ಕೆರೆದು ಬಣ್ಣ ಬಳಿಯುವ ಕೆಲಸ ಮಾಡಿದವಳು. ಊರೆಲ್ಲ ತುಕ್ಕಕ್ಕ ಎನ್ನುತ್ತದೆ. ಕೆರೆದ ಧೂಳೆಲ್ಲ ಎದೆಯಲ್ಲೇ ಇದೆ. ಹೆಚ್ಚೆಂದರೆ ಎರಡು ಮೂರು ತಿಂಗಳು ಎಂದು ಡಾಕ್ಟರು ಹೇಳಿಯಾಗಿದೆ. ಡಾಕ್ಟರಿಗೆ ಅವಳು, "ನೋಡೋಣ, ನಿಮ್ಮ ಲೆಕ್ಕ ಎಷ್ಟು ಸರಿ ಅಂತ" ಎಂದಿದ್ದಾಳೆ.

ಚರಿತ್ರೆ ಎದ್ದು ಕೈ ಮುಗಿದ. ಖುಷಿಯಲ್ಲಿ ತನ್ನ ಏಳನೇ ಅಧ್ಯಾಯವನ್ನು ಗಟ್ಟಿಯಾಗಿ ಓದತೊಡಗಿದ. ಓದುತ್ತ ಓದುತ್ತ ಈ ಸಾಲಿಗೆ ಬಂದ: "ಕಂಪನಿಯ ಕೈಗೊಂಬೆಯಾಗಿ ಸಭೆಯಲ್ಲಿ ಒಡಕು ತರಲು ಯತ್ನಿಸಿದ ದ್ರೋಹಿ ಹೆಂಗಸೊಬ್ಬಳನ್ನು ಯೂನಿಯನ್ನಿನಿಂದ ಉಚ್ಚಾಟಿಸಲಾಯಿತು."

"ಅದೂ ನಾನೇ" ಎಂದಳು ನಾದಿನಿ ಮಂಚದಿಂದ.

ಅವನ ಕೈಯ ಕಾಗದ ಕೆಳಗೆ ಬಿತ್ತು. ಎತ್ತಿಕೊಟ್ಟು, ಚಹಾಕ್ಕೆ ನೀರಿಟ್ಟೆ. ಇನ್ನು ಅವನು ಬೇಗ ಇಳಿದು ಹೋಗುವ ಹಾಗಿರಲಿಲ್ಲ.

ಆದದ್ದು ಇಷ್ಟು. ಐವತ್ತೆರಡು ವರ್ಷದ ಹಿಂದೆ ದೂರದ ಒಂದು ಬಂದರಿನಲ್ಲಿ ಹಡಗು ತುಂಬುವವರು ಮುಷ್ಕರ ಹೂಡಿದರು. ಕಂಪನಿ ಬಾಡಿಗೆಯ ಜನ ತಂದು ಹಡಗು ತುಂಬಿಸಿ ನಮ್ಮ ಕಡೆ ಅಟ್ಟಿತು. ಒಕ್ಕೂಟದಿಂದ ನಮಗೆ ತಂತಿ ಬಂತು: ಇಂಥ ಹೆಸರಿನ ಹಡಗು, ಮುಟ್ಟಬೇಡಿ. ಆದರೆ ಹೆಸರು ಬದಲಿಸಿಕೊಂಡು ಬಂದಾರು, ಹೆಸರನ್ನು ನಂಬಬೇಡಿ. ಚಿಮಣಿ ನೋಡಿ. ಬಿಳಿ ಚಿಮಣಿ, ಎರಡು ನೀಲಿ ಪಟ್ಟಿ.

ಬಂದರಿನಲ್ಲಿ ಹಡಗಿನ ಹೆಸರು ಓದುವವರು ಸುಂಕದವರು ಮಾತ್ರ. ನಮಗೆಲ್ಲ ಚಿಮಣಿಯೇ ಮುಖ. ಕೆಂಪು ಚಿಮಣಿ ಬಂತು, ಹಸಿರು ಪಟ್ಟಿ ಹೋಯಿತು ಎನ್ನುತ್ತಿದ್ದೆವು. ಹಾಗಾಗಿ ತಂತಿ ಓದಿ ನಮಗೆ ಬಹಳ ಗೌರವ ಬಂತು. ಅಷ್ಟು ದೂರ ಕೂತವರಿಗೂ ನಮ್ಮ ಕೆಲಸ ಗೊತ್ತಲ್ಲ ಎಂದು.

ಒಂದೇ ಬೆಳಿಗ್ಗೆ ಎರಡು ಹಡಗು ಬಂದವು. ಒಂದಕ್ಕೆ ಬಿಳಿ ಚಿಮಣಿ, ಎರಡು ನೀಲಿ ಪಟ್ಟಿ, ಹೊಟ್ಟೆ ತುಂಬ ಆಲೂಗಡ್ಡೆ. ಇನ್ನೊಂದಕ್ಕೆ ಬಾಣಲೆಯ ತಳದಂಥ ಕಪ್ಪು ಚಿಮಣಿ. ಆ ಕಪ್ಪು ಚಿಮಣಿಯ ಹಡಗಿನ ಹಿಂಭಾಗದಲ್ಲಿ ಆಳೆತ್ತರದ ಅಕ್ಷರದಲ್ಲಿ ಹೆಸರು ಬರೆದಿತ್ತು. ತಂತಿಯಲ್ಲಿದ್ದ ಹೆಸರೇ. ಯಾರೋ ಓದಿ ಹೇಳಿದರು. ನಮ್ಮ ಯಜಮಾನರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಕಳ್ಳ ಎದೆ ಮೇಲೆ ಹೆಸರು ಬರ್ಕೊಂಡು ಬರ್ತಾನೇನ್ರೋ? ಆ ಹೆಸರಿದೆ ಅಂದ್ಮೇಲೆ ಅದು ಆ ಹಡಗಲ್ಲವೇ ಅಲ್ಲ!"

ಐವತ್ತೆಂಟು ತಲೆಗಳು ಹೌದು ಹೌದು ಎಂದವು. ನನ್ನದು ಎರಡು ಸಲ.

ಆಲೂಗಡ್ಡೆಯ ಹಡಗನ್ನು ಮೂವತ್ತಮೂರು ದಿನ ನಾವು ಬೆರಳಲ್ಲೂ ಮುಟ್ಟಲಿಲ್ಲ. ವಾಸನೆಗೆ ಹಾರುವ ಹಕ್ಕಿ ತಲೆ ತಿರುಗಿ ಸಮುದ್ರಕ್ಕೆ ಬೀಳುತ್ತಿತ್ತು. ಅದರ ಕಪ್ತಾನ ದಿನಾ ಗೇಟಿನ ಹತ್ತಿರ ಬಂದು, "ನಾನೇನು ತಪ್ಪು ಮಾಡಿದೆ, ಅದನ್ನಾದರೂ ಹೇಳಿ" ಎಂದು ಅಳುತ್ತಿದ್ದ. "ನಟನೆ ನೋಡು, ನಟನೆ" ಎನ್ನುತ್ತಿದ್ದೆವು. ಹರಿದ ಗೋಣಿ ಹೊಲಿಯುವ ನಾವು ಹದಿಮೂರು ಹೆಂಗಸರು ಗೇಟಿಗೆ ಅಡ್ಡ ಕೂತು ಕಾವಲು.

ಪಕ್ಕದ ಧಕ್ಕೆಯಲ್ಲಿ, ಹಡಗು ಕಟ್ಟುವ ಕಟ್ಟೆಯಲ್ಲಿ, ಕಪ್ಪು ಚಿಮಣಿಯ ಹಡಗನ್ನು ನಮ್ಮವರೇ ಓವರ್‌ಟೈಮ್ ಮಾಡಿ ಇಳಿಸಿದರು. ಮುಷ್ಕರದ ಅಡುಗೆಮನೆಗೆ ದಿನಸಿ ಬಂದದ್ದು ಆ ಓವರ್‌ಟೈಮಿನಿಂದಲೇ. ಅಂದರೆ ಆ ಹಡಗನ್ನು ತಡೆಯುವ ಹೋರಾಟಕ್ಕೆ ಆ ಹಡಗಿನದೇ ಅನ್ನ. ಕ್ರೇನಿನ ಮೇಲೆ ಜಿರಾಫೆ ಇದ್ದ. ಕತ್ತು ಅಷ್ಟುದ್ದ ಅವನದು. ಒಂಬತ್ತು ದಿನದಲ್ಲಿ ಹಡಗು ಖಾಲಿ ಮಾಡಿ, ಈ ದಾಖಲೆ ಇನ್ನು ಯಾರೂ ಮುರಿಯಲ್ಲ ಎಂದು ಕತ್ತನ್ನು ಇನ್ನೊಂದು ಗೇಣು ಉದ್ದ ಮಾಡಿಕೊಂಡ.

ನಾಲ್ಕನೇ ದಿನ ನನ್ನ ನಾದಿನಿಯನ್ನು ಹಲಗೆಯ ಮೇಲೆ ಕೂರಿಸಿ, ಹಗ್ಗ ಕಟ್ಟಿ, ಆ ಕಪ್ಪು ಚಿಮಣಿಯ ತುಕ್ಕು ಕೆರೆಯಲು ಇಳಿಬಿಟ್ಟಿದ್ದರು. ಕೆಳಗೆ ಬಂದಾಗ ಅವಳ ಕೈಯಲ್ಲಿ ಅಂಗೈಯಗಲದ ಬಣ್ಣದ ಹಕ್ಕಳೆ ಇತ್ತು. ನೇರ ಏಳನೇ ಶೆಡ್ಡಿನ ಸಭೆಗೆ ಬಂದಳು.

"ಅಣ್ಣಾ, ಇಲ್ನೋಡು. ಮೇಲೆ ಕಪ್ಪು. ಅದರಡಿ ನೀಲಿ. ಅದರಡಿ ಬಿಳಿ. ಕಪ್ಪು ಬಳಿದು ಒಂದು ತಿಂಗಳೂ ಆಗಿಲ್ಲ, ಇನ್ನೂ ಉಗುರಿಗೆ ಅಂಟುತ್ತೆ. ನಾವು ಇಳಿಸ್ತಾ ಇರೋದೇ ಆ ಹಡಗು."

ನಮ್ಮ ಯಜಮಾನರ ಜೇಬಿನಲ್ಲಿ ಆಗಲೇ ಒಕ್ಕೂಟದ ಎರಡನೇ ತಂತಿ ಇತ್ತು. ಹಡಗು ತಡೆದಿದ್ದೇವೆ ಎಂದು ಇವರು ಕಳಿಸಿದ್ದಕ್ಕೆ, ಜಗತ್ತಿನ ಕಾರ್ಮಿಕರು ನಿಮಗೆ ನಮಸ್ಕರಿಸುತ್ತಾರೆ ಎಂದು ಅವರ ಉತ್ತರ. ಪೇಪರಿನಲ್ಲೂ ಬಂದಿತ್ತು. ಇಡೀ ಜಗತ್ತು ನಮಸ್ಕಾರ ಮಾಡಿಯಾದ ಮೇಲೆ ಹಡಗು ಬದಲಿಸುವುದು ಹೇಗೆ?

"ಇವಳನ್ನ ಯಾರು ಕಳಿಸಿದ್ದು ಅಂತ ನನಗೆ ಗೊತ್ತು" ಎಂದರು ಯಜಮಾನರು, ಸ್ವಂತ ತಂಗಿಗೆ. "ಒಡಕು ತರೋರಿಗೆ ಇಲ್ಲಿ ಜಾಗ ಇಲ್ಲ. ಉಚ್ಚಾಟನೆಗೆ ಕೈ ಎತ್ತಿ."

ಎಲ್ಲರಿಗಿಂತ ಮೊದಲು ಎದ್ದದ್ದು ನನ್ನ ಕೈ. ಯೂನಿಯನ್ನಿನ ಮೇಲಿನ ಪ್ರೀತಿಗೆ ಎಂದುಕೊಂಡಿದ್ದೆ. ನನ್ನ ಅಡುಗೆಗೆ ಉಪ್ಪು ಕಡಿಮೆ ಎಂದು ಇವಳು ಅಣ್ಣನ ಮುಂದೆ ಹೇಳಿದ್ದ ಮಾತುಗಳೂ ಆ ಕೈಯೊಳಗೆ ಇದ್ದವು ಎಂದು ಗೊತ್ತಾಗಲು ಬಹಳ ವರ್ಷ ಬೇಕಾಯಿತು.

ನಮ್ಮ ಶಾಖೆಯಲ್ಲಿ ಠರಾವು ಎಂದರೆ ಸರ್ವಾನುಮತ. ಒಂದು ಕೈ ಕೆಳಗಿದ್ದರೂ ಬಿದ್ದುಹೋಗುತ್ತದೆ. ಐವತ್ತೇಳು ಕೈ ಎದ್ದವು. ಐವತ್ತೆಂಟನೆಯದು ನಾದಿನಿಯದು. ಅವಳು ಸುತ್ತ ನೋಡಿದಳು. ಆಮೇಲೆ ತಾನೂ ಎತ್ತಿದಳು, ಎಲ್ಲರಿಗಿಂತ ಮೇಲಕ್ಕೆ. ಅದೇ ಹೊತ್ತಿಗೆ ಪೇಪರಿನವನು ಈ ರಟ್ಟಿನ ಫೋಟೋ ಹೊಡೆದ.

ಚರಿತ್ರೆ ಚಹಾ ಮರೆತು ಅವಳನ್ನೇ ನೋಡಿದ. "ನಿಮ್ಮನ್ನೇ ಹೊರಗೆ ಹಾಕೋಕೆ ನೀವು ಯಾಕೆ ಕೈ ಎತ್ತಿದ್ರಿ?"

"ನಾನೊಬ್ಬಳು ಎತ್ತದೆ ಹೋಗಿದ್ರೆ ಯೂನಿಯನ್ ಒಡೀತು ಅಂತ ಕಂಪನಿಯೋರು ಕುಣಿದಾಡ್ತಿದ್ರು" ಎಂದಳು, ಮಾತಿಗೊಂದು ಉಸಿರು ತೆಗೆದುಕೊಳ್ಳುತ್ತ. "ಹಡಗು ತಪ್ಪಾಗಿದ್ರೂ ಮುಷ್ಕರ ಸರಿಯಾಗೇ ಇತ್ತಲ್ಲಪ್ಪ."

ಮುಷ್ಕರ ಗೆದ್ದಿತು ಎನ್ನುವುದು ಇನ್ನೂ ದೊಡ್ಡ ತಮಾಷೆ. ತಪ್ಪು ಮಾಡಿದ ಹಡಗನ್ನು ತಡೆದಿದ್ದರೆ ಒಂದು ಕಂಪನಿ ಹೆದರುತ್ತಿತ್ತು. ಏನೂ ಮಾಡದ ಹಡಗನ್ನು ತಡೆದಿದ್ದಕ್ಕೆ ಎಲ್ಲ ಕಂಪನಿಗಳೂ ಹೆದರಿದವು. ಈ ಹುಚ್ಚರು ನಾಳೆ ಯಾರ ಹಡಗನ್ನು ಹಿಡಿಯುತ್ತಾರೋ, ಮೊದಲು ನಿನ್ನ ಜಗಳ ಮುಗಿಸು ಎಂದು ಎಲ್ಲ ಸೇರಿ ಆ ಕಂಪನಿಯ ಕತ್ತು ಹಿಡಿದವು. ದೂರದ ಬಂದರಿನವರಿಗೆ ಕೇಳಿದ್ದೆಲ್ಲ ಸಿಕ್ಕಿತು. ನಮ್ಮ ಯಜಮಾನರ ಕೊರಳಿಗೆ ಹಾರ ಬಿತ್ತು. ನಾದಿನಿಯ ಜೊತೆ ಮಾತಾಡುವವರಿರಲಿಲ್ಲ.

ಯಜಮಾನರಿಗೆ ಗೊತ್ತಿರಲಿಲ್ಲ ಎನ್ನುತ್ತೀರಾ? ಒಂದು ದಿನ, ಅವಳು ಸಭೆಯಲ್ಲಿ ಬಿಟ್ಟುಹೋದ ಆ ಹಕ್ಕಳೆಯನ್ನು ಒಂದು ಡಬ್ಬಿಯಿಂದ ತೆಗೆದು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದರು. ನನ್ನನ್ನು ಕಂಡು ಮುಚ್ಚಳ ಹಾಕಿದರು. ಲೌಡ್‌ಸ್ಪೀಕರ್ ಕೆಟ್ಟದ್ದನ್ನು ಅದೊಂದೇ ಸಲ ನೋಡಿದ್ದು. ಮಾರನೇ ದಿನ ತಂಗಿಯ ಟ್ರಂಕನ್ನು ತಾವೇ ಹೊತ್ತು ಈ ಮೂವತ್ತೆರಡು ಮೆಟ್ಟಿಲು ಹತ್ತಿಸಿ ನಮ್ಮ ಮನೆಗೆ ತಂದರು.

ಇಷ್ಟು ಕೇಳಿದ ಮೇಲೆ ಚರಿತ್ರೆ, "ಈಗ ನಿಮಗೆ ಏನಾಗಬೇಕು?" ಎಂದು ನಾದಿನಿಯನ್ನು ಕೇಳಿದ.

"ಬಾವುಟ" ಎಂದಳು.

ನಮ್ಮಲ್ಲಿ ಸದಸ್ಯರು ಸತ್ತರೆ ಯೂನಿಯನ್ ಬಾವುಟ ಹೊದಿಸಿ ಬಂದರಿನ ಗೇಟಿನ ಮುಂದೆ ಒಯ್ಯುತ್ತಾರೆ. ಆಗ ಕ್ರೇನುಗಳೆಲ್ಲ ಕೊಕ್ಕು ತಗ್ಗಿಸಿ ನಿಲ್ಲುತ್ತವೆ. ಇಪ್ಪತ್ತು ವರ್ಷ ಹಗ್ಗಕ್ಕೆ ನೇತುಬಿದ್ದು ದುಡಿದವಳಿಗೆ ಬೇಕಾದ್ದು ಅದೊಂದೇ. ಇವಳು ದ್ರೋಹಿ ಎಂದು ನೂರು ದೇಶದ ಕಪಾಟಿನಲ್ಲಿ ಅಚ್ಚಾಗಿ ಕೂತ ಮೇಲೆ ಯಾವ ಕಾರ್ಯದರ್ಶಿ ಬಾವುಟ ಕೊಟ್ಟಾನು? ಹತ್ತು ದಿನ ಪುಸ್ತಕದ್ದು, ಎರಡು ತಿಂಗಳು ಡಾಕ್ಟರದ್ದು. ನನ್ನ ಕೈಯಲ್ಲಿದ್ದ ಕಾಲ ಅಷ್ಟೇ.

ಚರಿತ್ರೆ ಒಳ್ಳೆಯ ಹುಡುಗ. ಕೇಂದ್ರ ಕಚೇರಿಗೆ ಫೋನು ಮಾಡಿ ಹಳೆಯ ಹಡಗುಗಳ ದಾಖಲೆ ತೆಗೆಸಿದ. ಗುರುವಾರ ಬಂದಾಗ ಮುಖ ಸುಣ್ಣದ ಗೋಡೆಯಾಗಿತ್ತು. ಆ ಕಂಪನಿ ಅದೇ ತಿಂಗಳು ಚಿಮಣಿಗೆ ಕಪ್ಪು ಬಳಿಸಿತ್ತು. ಆಲೂಗಡ್ಡೆಯ ಹಡಗು ಬೇರೆ ಯಾರದೋ. ಅವರಿಗೆ ನೀಲಿ ಇಷ್ಟ, ಅಷ್ಟೇ.

ಅವನ ಹಿಂದೆಯೇ ಈಗಿನ ಕಾರ್ಯದರ್ಶಿ ಬಂದ, ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಎರಡು ಫೋನು.

"ದೊಡ್ಡಮ್ಮ, ಹಳೇದನ್ನ ಕೆದಕೋದು ಬೇಡ. ಅವರು ಒಂದು ಕ್ಷಮಾಪಣೆ ಪತ್ರ ಬರೆದುಕೊಟ್ರೆ ಸಾಕು, ಮಾನವೀಯತೆ ಮೇಲೆ ವಾಪಸ್ ಸೇರಿಸ್ಕೊಳ್ತೀವಿ."

ನಾದಿನಿ ದಿಂಬಿನಿಂದ ಎದ್ದು ಕೂತಳು. "ಏನಂತ ಬರೀಲಿ? ಆವತ್ತು ನನ್ನ ಕಣ್ಣು ಚೆನ್ನಾಗಿತ್ತು, ತಪ್ಪಾಯ್ತು ಅಂತಲಾ?"

"ಹಾಗಲ್ಲ ಅಜ್ಜಿ, ಸರ್ವಾನುಮತದ ಠರಾವು ಅದು. ನಾನೊಬ್ಬ ರದ್ದು ಮಾಡೋಕಾಗಲ್ಲ."

"ಹಾಗಿದ್ರೆ ಯಾರು ಮಾಡಬಹುದು?" ಎಂದು ನಾನು ಕೇಳಿದೆ. ಅವನಿಗೆ ಗೊತ್ತಿರಲಿಲ್ಲ. ನಿಯಮದ ಪುಸ್ತಕ ಗಂಡನ ಪೆಟ್ಟಿಗೆಯಲ್ಲೇ ಇತ್ತು. ನಾನು ಅಕ್ಷರಕ್ಕೊಂದು ಬೆರಳಿಟ್ಟು ಓದುವವಳು. ಸಂಜೆಯಾದೀತೆಂದು ಚರಿತ್ರೆಯ ಕೈಗೆ ಕೊಟ್ಟೆ. ಹತ್ತೊಂಬತ್ತನೇ ನಿಯಮ: ಸರ್ವಾನುಮತದ ಠರಾವನ್ನು, ಅಂದು ಕೈ ಎತ್ತಿದವರಲ್ಲಿ ಬದುಕಿರುವವರೆಲ್ಲ ಮತ್ತೆ ಕೈ ಎತ್ತಿದರೆ ಮಾತ್ರ ರದ್ದು ಮಾಡಬಹುದು. ಯಾರೂ ಹಿಂದೆ ಸರಿಯದ ಹಾಗೆ ಎಂದು ನಮ್ಮ ಯಜಮಾನರೇ ಹಾಕಿದ ಬೀಗ. ಕೀಲಿಯನ್ನೂ ಬಿಟ್ಟು ಹೋಗಿದ್ದರು, ಪಾಪ.

ಫೋಟೋ ಮೇಜಿನ ಮೇಲೆ ಹರಡಿದೆವು. ಒಂದೊಂದು ಮುಖದ ಮೇಲೆ ಬೆರಳಿಟ್ಟು ಹೇಳುತ್ತ ಹೋದೆ. "ಇವನು ಹೋದದ್ದು ಸಿಮೆಂಟು ಧೂಳಿಗೆ. ಇವನೂ ಸಿಮೆಂಟು. ಇವನು ಹಗ್ಗ ಹರಿದು. ಇವನು ಸಾರಾಯಿ. ಸಿಮೆಂಟು. ಇವಳು ಹೆರಿಗೆ. ಇವನು ಅಳಿಯನ ಮನೆ ಸೇರಿ, ಮರ್ಯಾದೆಗೆ. ಸಿಮೆಂಟು. ಸಿಮೆಂಟು." ಚರಿತ್ರೆ ಗೀಟು ಹಾಕುತ್ತ ಬಂದ. ಕೊನೆಗೆ ಮೂವರು ಉಳಿದೆವು. ನಾನು, ನಾದಿನಿ, ಮತ್ತು ಜಿರಾಫೆ.

ಜಿರಾಫೆಗೆ ಎಂಬತ್ತಮೂರು. ಐಸ್ ಫ್ಯಾಕ್ಟರಿಯ ಎದುರು ಸೊಸೆಯ ಜೊತೆ ಇದ್ದಾನೆ. ಅವತ್ತೇ ಮಧ್ಯಾಹ್ನ ಹಕ್ಕಳೆಯ ಡಬ್ಬಿ ಹಿಡಿದು ಚರಿತ್ರೆಯ ಜೊತೆ ಹೋದೆ. ಕುರ್ಚಿಯಲ್ಲಿ ಕೂತಿದ್ದ, ಕತ್ತು ಮಾತ್ರ ನಿಂತಿತ್ತು.

"ತುಕ್ಕಕ್ಕಂಗೆ ಕೈ ಎತ್ತಬೇಕಾ? ನಾನಾ? ಸಾಯೋವರೆಗೂ ಇಲ್ಲ. ಆ ಮುಷ್ಕರ ನನ್ನ ಜೀವ. ಇವಳು ಆವತ್ತು ಅದನ್ನ ಮುರಿಯೋಕೆ ಬಂದೋಳು."

"ದಾಖಲೆ ತಂದಿದೀನಿ ತಾತ" ಎಂದ ಚರಿತ್ರೆ.

"ಕಾಗದ ಯಾರು ಬೇಕಾದ್ರೂ ಬರೀತಾರೆ."

ಹಕ್ಕಳೆ ತೋರಿಸಿದೆ. "ಬಣ್ಣ ಯಾರು ಬೇಕಾದ್ರೂ ಬಳೀತಾರೆ" ಎಂದ.

ಅವನ ತಲೆಯ ಮೇಲಿನ ಗೋಡೆಯಲ್ಲಿ ಒಂದು ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು. ನನಗೆ ಗೊತ್ತಿದ್ದ ಗಡಿಯಾರವೇ. ಒಂಬತ್ತು ದಿನದಲ್ಲಿ ಖಾಲಿ ಮಾಡಿದ ಕೈಚಳಕಕ್ಕೆ ಮೆಚ್ಚಿ ಕಪ್ಪು ಚಿಮಣಿಯ ಕಪ್ತಾನ ಕೊಟ್ಟದ್ದು. ಐವತ್ತೆರಡು ವರ್ಷದ ಒಲೆಯ ಹೊಗೆ ಅದರ ಗಾಜಿನ ಮೇಲೆ ಕೂತು, ಟೈಮು ನೋಡಲು ಮುಳ್ಳು ಕಂಡರೆ ಸಾಕೆನ್ನುವಷ್ಟು ಮಸಿಯಾಗಿತ್ತು.

"ನಿನ್ನ ಸೊಸೆಗೆ ಒಂದು ಗಾಜು ಒರೆಸೋಕೂ ಪುರುಸೊತ್ತಿಲ್ವೇನೋ?" ಎಂದು ಅವಳಿಗೆ ಕೇಳುವ ಹಾಗೆ ಹೇಳಿ, ಸ್ಟೂಲು ಹತ್ತಿ, ಉಗುಳು ಹಚ್ಚಿ, ಟವೆಲ್ಲಿನಿಂದ ಉಜ್ಜಿದೆ. ಎಲ್ಲ ಕಂಪನಿಗಳೂ ಬಹುಮಾನದ ಮೇಲೆ ತಮ್ಮ ಗುರುತು ಹಾಕಿಯೇ ಹಾಕುತ್ತವೆ ಎಂಬ ನಂಬಿಕೆ ನನಗೆ. ಮಸಿ ಹೋಯಿತು. ಹನ್ನೆರಡರ ಕೆಳಗೆ ಹೆಬ್ಬೆಟ್ಟಿನಷ್ಟು ಚಿತ್ರ ಎದ್ದು ಬಂತು. ಬಿಳಿ ಚಿಮಣಿ. ಎರಡು ನೀಲಿ ಪಟ್ಟಿ.

ಗಡಿಯಾರ ಇಳಿಸಿ ಅವನ ತೊಡೆಯ ಮೇಲಿಟ್ಟೆ. ಅವನು ಆ ಚಿತ್ರದ ಮೇಲೆ ಹೆಬ್ಬೆರಳು ಉಜ್ಜಿ ನೋಡಿದ.

"ಹಾಗಾದ್ರೆ ಅದನ್ನ ಇಳಿಸಿದ್ದು ನಾನಾ?"

"ನೀನೊಬ್ಬನೇ ಅಲ್ಲ. ಗಡಿಯಾರ ಸಿಕ್ಕಿದ್ದು ಮಾತ್ರ ನಿನಗೊಬ್ಬನಿಗೆ."

ಬೇರೆ ದಿನವಾಗಿದ್ದರೆ ಇನ್ನೂ ನಾಲ್ಕು ಮಾತು ಚುಚ್ಚುತ್ತಿದ್ದೆ. ಅವನ ಕತ್ತು ಹೆಗಲೊಳಗೆ ಇಳಿಯುವುದನ್ನು ನೋಡಿ ನಾಲಿಗೆ ಏಳಲಿಲ್ಲ. ಅವನು ಗಡಿಯಾರದ ಬೆನ್ನಿನ ಮುಚ್ಚಳ ತೆಗೆದು ಅದನ್ನು ನಿಲ್ಲಿಸಿದ.

"ಭಾನುವಾರ ಬರ್ತೀನಿ" ಎಂದ. "ಮೆಟ್ಟಿಲು ಮಾತ್ರ ಹತ್ತೋಕಾಗಲ್ಲ."

ಭಾನುವಾರ ಬೆಳಿಗ್ಗೆ ಮಹಾಸಭೆ. ನಾದಿನಿಗೆ ಇಳಿಯಲಾಗದು, ಜಿರಾಫೆಗೆ ಹತ್ತಲಾಗದು. ಸಭೆ ಒಂದೇ ಸ್ಥಳದಲ್ಲಿ ನಡೆಯಬೇಕು ಎಂದು ಕಾರ್ಯದರ್ಶಿ ತಗಾದೆ ತೆಗೆದ. "ಒಂದೇ ಕಟ್ಟಡ ಅಲ್ವೇನಪ್ಪ?" ಎಂದೆ. ನಾದಿನಿಯನ್ನು ಮೇಲಿನ ಕಿಟಕಿಗೆ ತಂದು ಕೂರಿಸಿದೆವು. ಜಿರಾಫೆ ಕೆಳಗೆ ಹಗ್ಗದ ಅಂಗಡಿಯ ಮುಂದೆ ಕುರ್ಚಿಯಲ್ಲಿ. ನಾನು ಮಧ್ಯೆ, ಮೆಟ್ಟಿಲ ಸಾಲಿನ ಸಣ್ಣ ಕಿಟಕಿಯಿಂದ ತಲೆ ಹೊರಹಾಕಿ. ಬೀದಿಯಲ್ಲಿ ಬಸ್ಸು ನಿಂತಿತು, ಲಾರಿ ನಿಂತಿತು, ಅದರ ಹಿಂದೆ ಇನ್ನೂರು ಲಾರಿ. ಎಲ್ಲ ಸಾರಿಗೆ ಕಾರ್ಮಿಕರೇ; ಒಕ್ಕೂಟದ ಯಾವ ಮಹಾಸಭೆಗೂ ಅಷ್ಟು ಜನ ಸೇರಿರಲಿಲ್ಲ.

"ಉಚ್ಚಾಟನೆ ರದ್ದು ಮಾಡೋರು ಕೈ ಎತ್ತಿ" ಎಂದು ಚರಿತ್ರೆ ಕೂಗಿದ.

ಈ ಸಲವೂ ಮೊದಲು ಎದ್ದದ್ದು ನನ್ನ ಕೈಯೇ. ಜಿರಾಫೆಯ ಭುಜ ಸವೆದುಹೋಗಿದೆ, ಕೈ ಕಿವಿಯವರೆಗೂ ಬರಲಿಲ್ಲ. "ಇದನ್ನ ಎತ್ತಿದ್ದು ಅಂತ ಹೇಗೆ ಬರೀಲಿ?" ಎಂದ ಕಾರ್ಯದರ್ಶಿ. ಜಿರಾಫೆ ಅವನನ್ನು ನೋಡಲೇ ಇಲ್ಲ. ತೋರುಬೆರಳನ್ನು ಆಕಾಶಕ್ಕೆ ಮಾಡಿ ಗಿರಗಿರ ತಿರುಗಿಸಿದ. ಧಕ್ಕೆಯಿಂದ ಕ್ರೇನಿನವನಿಗೆ ಮಾಡುವ ಸನ್ನೆ: ಎತ್ತು, ಮೇಲೆತ್ತು. ಮೂವತ್ತು ವರ್ಷ ಆ ಸನ್ನೆ ನೋಡಿ ಎತ್ತಿದವನು, ತಾನು ಮಾಡಿದ್ದು ಅದೇ ಮೊದಲು. ಬೀದಿಯಲ್ಲಿದ್ದ ಬಂದರಿನವರೆಲ್ಲ ಚಪ್ಪಾಳೆ ಹೊಡೆದರು. ಕಾರ್ಯದರ್ಶಿ ಬರೆದುಕೊಂಡ.

ಮೇಲೆ ಕಿಟಕಿಯಲ್ಲಿ ನಾದಿನಿ ಎಲ್ಲರನ್ನೂ ಒಮ್ಮೆ ನೋಡಿದಳು. ಆಮೇಲೆ ಕೈ ಎತ್ತಿದಳು. ಮತ್ತೆ ಎಲ್ಲರಿಗಿಂತ ಎತ್ತರ ಅವಳದೇ.

ಪುಸ್ತಕ ಅಚ್ಚಾಗಿ ಬಂತು. ದ್ರೋಹಿ ಎಂಬ ಸಾಲು ಹೋಗಿತ್ತು. ಆ ಜಾಗದಲ್ಲಿ, ಮೇಲಿನವರು ಏಳು ಸಲ ತಿದ್ದಿ ಕಳಿಸಿದ ಸಾಲು: "ಹಡಗಿನ ಬಣ್ಣದ ಬಗ್ಗೆ ಒಬ್ಬ ಸದಸ್ಯೆಗೆ ಭಿನ್ನಾಭಿಪ್ರಾಯವಿತ್ತು." ಚರಿತ್ರೆ ತಲೆ ತಗ್ಗಿಸಿ ಓದಿದ.

"ಸದಸ್ಯೆ ಅಂತ ಇದೆಯಲ್ಲ, ಅಷ್ಟು ಸಾಕು" ಎಂದಳು ನಾದಿನಿ.

ಕಾರ್ಯದರ್ಶಿ ಕಾರ್ಡು ತಂದ, ಹಳೆಯ ನಂಬರೇ. ಬೇಕಾದಾಗ ಹುಡುಕುವುದು ಬೇಡವೆಂದು ಬಾವುಟವನ್ನೂ ತಂದಿಟ್ಟು ಹೋದ. ಮುಜುಗರವಿಲ್ಲದ ಜನ. ನಾದಿನಿ ಅದನ್ನು ಬಿಡಿಸಿ ಕೆಲಸದವಳ ಕಣ್ಣಲ್ಲಿ ನೋಡಿದಳು. "ಬಣ್ಣ ಕಳಪೆ" ಎಂದಳು. ಆಮೇಲೆ ಹೊದ್ದುಕೊಂಡು ಕಾಲು ಚಾಚಿದಳು. ಎರಡು ಪಾದವೂ ಹೊರಗೆ.

"ನಿಮ್ಮಣ್ಣ ಹೊಲಿಸಿದ್ದು. ಅವರ ಎತ್ತರಕ್ಕೆ ಹೊಲಿಸಿದ್ರು" ಎಂದೆ. "ಅವರದ್ದು ಅಂತ ಉದ್ದ ಇದ್ದದ್ದು ಭಾಷಣ ಒಂದೇ."

ಪೆಟ್ಟಿಗೆಯಲ್ಲಿ ಯಜಮಾನರಿಗೆ ಆ ಗೆಲುವಿನ ದಿನ ಹೊದಿಸಿದ ಕೆಂಪು ಶಾಲು ಇತ್ತು. ಕತ್ತರಿ ಹಾಕಿ ಒಂದು ಗೇಣು ಪಟ್ಟಿ ತೆಗೆದೆ. ಗೋಣಿ ಹೊಲಿಯುವ ದಬ್ಬಣಕ್ಕೆ ದಾರ ಪೋಣಿಸಿ ಬಾವುಟದ ಬುಡಕ್ಕೆ ಸೇರಿಸತೊಡಗಿದೆ.

"ಅತ್ತಿಗೆ, ಇಷ್ಟಿಷ್ಟುದ್ದ ಹೊಲಿಗೆ ಹಾಕ್ತಿದೀಯಲ್ಲ, ಇದು ಗೋಣಿ ಅಲ್ಲ."

"ಉಪ್ಪು ಕಡಿಮೆ ಅಂತ ಒಂದು ಬಾಕಿ, ಹೇಳಿಬಿಡು."

"ಉಪ್ಪು ಈಗಲೂ ಕಡಿಮೆಯೇ. ಬಿಚ್ಚು. ಸಣ್ಣದಾಗಿ ಹೊಲಿ."

"ಸಣ್ಣ ಹೊಲಿಗೆ ಅಂದ್ರೆ ತಿಂಗಳುಗಟ್ಟಲೆ ಆಗುತ್ತೆ, ಗೊತ್ತಾಯ್ತಾ? ಮುಗಿಯೋವರೆಗೂ ನೀನು ಎಲ್ಲಿಗೂ ಹೋಗೋ ಹಾಗಿಲ್ಲ."

"ನಿನ್ನ ಕೈಲಿ ಕೆಲಸ ಮುಗಿಯೋದು ನಾನು ಯಾವತ್ತು ನೋಡಿದೀನಿ?" ಎಂದಳು.

ಹಾಕಿದ್ದೆಲ್ಲ ಬಿಚ್ಚಿದೆ. ದಬ್ಬಣ ಒಳಗಿಟ್ಟು, ಇದ್ದುದರಲ್ಲಿ ತೀರಾ ಸಣ್ಣ ಸೂಜಿಯೊಂದನ್ನು ಹುಡುಕಿ ಮೊದಲಿನಿಂದ ಶುರು ಮಾಡಿದೆ.